ಇಪ್ಪತ್ತೈದು ಸೆಂಟಿಮೀಟರಿನ ಚಷ್ಮಾ

ಹೋದ ತಿಂಗಳು ಬಲಗಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬಾಗಲಕೋಟೆಯ ನವನಗರದ ಒಂದು ಚಷ್ಮಾ ಅಂಗಡಿಗೆ ಹೋಗಿದ್ದೆ. ಕಣ್ಣು ಅಳೆಯುವ ಹೆಣ್ಣುಮಗಳು ಡಾಕ್ಟರರ ಚೀಟಿಯಲ್ಲಿದ್ದ ಸಂಖ್ಯೆಗಳನ್ನು ಕಂಪ್ಯೂಟರಿನಲ್ಲಿ ಒತ್ತಿ, ನನ್ನ ಕಡೆ ತಿರುಗಿ ಕೇಳಿದಳು.

“ಸರ್, ಓದೋದು ಬರಿಯೋದು ಎಷ್ಟು ದೂರ ಇಟ್ಕೊಂಡ್ ಮಾಡ್ತೀರಿ?”

“ಇಪ್ಪತ್ತೈದು ಸೆಂಟಿಮೀಟರ್,” ಎಂದೆ.

ಆಕೆ ನಕ್ಕಳು. “ಪುಸ್ತಕದಾಗಿಂದು ಹೇಳಬ್ಯಾಡ್ರಿ ಸರ್. ಈ ಪೇಪರ್ ಹಿಡ್ಕೋರಿ. ಮನ್ಯಾಗ ಹೆಂಗ ಓದ್ತೀರಿ ಹಂಗ ಓದ್ರಿ. ನಾ ಅಳ್ಕೋತೀನಿ.”

ನಾನು ಪತ್ರಿಕೆ ಹಿಡಿದು ಓದತೊಡಗಿದೆ. ಆಕೆ ನನ್ನ ಕಣ್ಣಿನಿಂದ ಕಾಗದದವರೆಗೆ ಟೇಪು ಹಿಡಿದಳು. ಮೂವತ್ತೆಂಟು ಬಂತು. ಅದನ್ನೂ ಒತ್ತಿದಳು. ಪರದೆಯ ಮೇಲೆ ಒಂದು ಗಾಜಿನ ಅಡ್ಡಕೊಯ್ತ ಮೂಡಿತು, ಅದರೊಳಗಿಂದ ಹತ್ತಾರು ಬಣ್ಣದ ಗೆರೆಗಳು ಹಾಯ್ದು ಒಂದು ಕಡೆ ಕೂಡಿದವು. ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವನು ತನ್ನ ಕಣ್ಣಿಗೂ ತನ್ನ ಕೈಯಲ್ಲಿನ ಕಾಗದಕ್ಕೂ ನಡುವಿನ ದೂರವನ್ನೇ ತಪ್ಪು ಹೇಳಿದ್ದೆ. ಆ ಹೆಣ್ಣುಮಗಳ ಮುಂದೆ ನನಗೇನೂ ನಾಚಿಕೆಯಾಗಲಿಲ್ಲ. ನಾಚಿಕೆಯಾದದ್ದು ಸಂಗಪ್ಪನ ನೆನಪಾಗಿ. ಆಕೆ ಈಗ ಕೇಳಿದ ಪ್ರಶ್ನೆಯನ್ನು ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ನಾನು ಸಂಗಪ್ಪನಿಗೆ ಕೇಳಬೇಕಿತ್ತು.

ಕೇಳಿದ್ದೆ ಎಂದೇ ಇಷ್ಟು ವರ್ಷ ನಂಬಿದ್ದೆ. ಈ ಕತೆಯನ್ನು ಒಂದೆರಡು ಸಲ ಗೆಳೆಯರಿಗೆ ಹೇಳಿದ್ದೂ ಉಂಟು. ಆಗೆಲ್ಲ ನನ್ನ ಕತೆಯಲ್ಲಿ ಸಂಗಪ್ಪ ಕೈ ಅಗಲಿಸಿ, “ಒಂದ್ ಗೇಣು ದೂರ್ರಿ ಮಾಸ್ತರ,” ಎನ್ನುತ್ತಿದ್ದ. ಗೇಣು ಎಂದರೆ ಹೆಚ್ಚುಕಡಿಮೆ ಇಪ್ಪತ್ತೆರಡು, ಇಪ್ಪತ್ತಮೂರು ಸೆಂಟಿಮೀಟರ್. ಅವನು ಹೇಳಿದ, ನಾನು ನಂಬಿದೆ, ಲೆಕ್ಕ ಕೆಟ್ಟಿತು. ಹೀಗೆ ಹೇಳಿದರೆ ತಪ್ಪು ಇಬ್ಬರಿಗೂ ಹಂಚಿಹೋಗುತ್ತಿತ್ತು.

ನೆನಪಿನ ಮೇಲೆ ಭರವಸೆಯಿಲ್ಲವೆಂದೇ ನಾನು ಡೈರಿ ಇಡುವವನು. ಆದರೆ ಆ ವರ್ಷದ ಡೈರಿಯನ್ನು ಮಾತ್ರ ಮತ್ತೆ ತೆರೆದಿರಲಿಲ್ಲ. ಅಂದು ಅಂಗಡಿಯಿಂದ ಬಂದವನೇ ಟ್ರಂಕಿನ ತಳದಿಂದ ಅದನ್ನು ತೆಗೆದೆ. ಅದನ್ನು ಪಕ್ಕದಲ್ಲಿ ಇಟ್ಟುಕೊಂಡೇ ಈ ಬರಹ ಬರೆಯುತ್ತಿದ್ದೇನೆ.

ಆ ವರ್ಷ ಜೂನಿನಲ್ಲಿ ನಾನು ಇಳಕಲ್ಲಿಗೆ ಬಂದೆ. ನನ್ನದು ಬಾದಾಮಿ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕನ ಕೆಲಸ ಹಿಡಿದಿದ್ದೆ. ನೇಕಾರರ ಓಣಿಯೊಂದರಲ್ಲಿ ಮೇಲಿನ ಖೋಲಿ ಬಾಡಿಗೆಗೆ ಸಿಕ್ಕಿತು. ಇಳಕಲ್ಲಿನ ಮಳೆಗಾಲದಲ್ಲಿ ಮಳೆಗಿಂತ ಗಾಳಿ ಹೆಚ್ಚು. ಕಿಟಕಿ ತೆರೆದರೆ ಕಲ್ಲಿನ ಕ್ವಾರಿಗಳ ಕೆಂಪು ಧೂಳು ಬಂದು ಪುಸ್ತಕದ ಮೇಲೆ ಕೂಡುತ್ತಿತ್ತು, ಮುಚ್ಚಿದರೆ ಕೆಳಗಿನ ಓಣಿಯಲ್ಲಿ ಹಾಸಿನ ಎಳೆಗಳಿಗೆ, ಅಂದರೆ ಮಗ್ಗದ ಉದ್ದನೆಯ ಎಳೆಗಳಿಗೆ, ಹಚ್ಚುವ ಗಂಜಿಯ ಹುಳಿವಾಸನೆ ಒಳಗೇ ನಿಲ್ಲುತ್ತಿತ್ತು. ಎದುರಿಗೆ ಒಬ್ಬ ಸೀರೆ ಮಾಲಕರ ಮಗ್ಗದ ಮನೆ. ಅಲ್ಲಿ ಆರು ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥವು. ಆರರ ಸಪ್ಪಳ ಒಂದರೊಳಗೊಂದು ಸೇರಿ ಬರುತ್ತಿತ್ತು. ಸ್ವಲ್ಪ ದಿನದಲ್ಲಿ ಆರನ್ನೂ ಬೇರೆ ಬೇರೆಯಾಗಿ ಕೇಳಲು ಕಲಿತೆ. ಆಗ ಗೊತ್ತಾಯಿತು, ಬರುತ್ತಿದ್ದುದು ಐದರ ಸಪ್ಪಳ ಮಾತ್ರ. ಕಿಟಕಿಯ ಹತ್ತಿರದ ಮಗ್ಗ ನಿಂತಿತ್ತು.

ಅದು ಸಂಗಪ್ಪನ ಮಗ್ಗ. ಅವನ ಹೆಂಡತಿ ಗುರವ್ವ ನನಗೆ ಎರಡು ಹೊತ್ತು ರೊಟ್ಟಿ ತಂದುಕೊಡುತ್ತಿದ್ದಳು. ನಾನು ಆಕೆಯನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಒಂದು ದಿನ ಬುತ್ತಿ ಇಟ್ಟವಳು ಹೋಗದೆ ಬಾಗಿಲಿಗೆ ಆತು ನಿಂತಳು.

“ಸರ, ನೀವು ಗಾಜಿನ ವಿದ್ಯಾ ಕಲತೋರಂತಲ್ರಿ?”

“ಬೆಳಕಿನ ವಿದ್ಯಾ ಕಾಕು. ಯಾಕ?”

“ನಮ್ಮವ್ರಿಗೆ ಹುನಗುಂದದ ಕ್ಯಾಂಪಿನಾಗ ಎರಡೂ ಕಣ್ಣಿನ ಪರಿ ತಗದಾರ್ರಿ. ಚಷ್ಮಾನೂ ಕೊಟ್ಟಾರ. ಆದ್ರ ಅದನ್ನ ಹಾಕ್ಕೊಂಡ್ರ ದೂರಿಂದು ಕಾಣತೈತಿ, ಹತ್ರದ್ದು ಕಾಣಂಗಿಲ್ಲ. ಓಣಿ ತುದ್ಯಾಗಿನ ಎಮ್ಮಿ ಕಾಣತೈತಿ, ತಾಟಿನಾಗಿನ ಪಲ್ಯಾ ಕಾಣಂಗಿಲ್ಲ. ಎಮ್ಮಿ ತಗೊಂಡ್ ಏನ್ ಮಾಡೋದ್ರಿ, ಎಳಿ ಕಾಣಬೇಕಲ್ಲ.”

ಆಗಿನ ಕಾಲದಲ್ಲಿ ಪೊರೆಯೊಂದಿಗೆ ಕಣ್ಣಿನೊಳಗಿನ ಮಸೂರವನ್ನೂ ತೆಗೆಯುತ್ತಿದ್ದರು, ಅದರ ಬದಲಿಗೆ ಒಳಗೆ ಏನನ್ನೂ ಇಡುತ್ತಿರಲಿಲ್ಲ. ಹೊರಗೆ ಸೀಸೆಯ ತಳದಂಥ ದಪ್ಪ ಗಾಜು ಹಾಕಿಕೊಳ್ಳಬೇಕು. ಅಂಥ ಕಣ್ಣು ಹತ್ತಿರಕ್ಕೂ ದೂರಕ್ಕೂ ತಾನೇ ಹೊಂದಿಕೊಳ್ಳಲಾರದು. ಯಾವ ದೂರಕ್ಕೆಂದು ಗಾಜು ಮಾಡಿದೆಯೋ ಆ ದೂರ ಮಾತ್ರ ಸ್ಪಷ್ಟ.

“ಮಾಲಕ್ರು ದೀಪಾವಳಿ ತನಕಾ ಮಗ್ಗಾ ಹಿಡದಿಡ್ತೀನಿ ಅಂದಾರ,” ಎಂದಳು ಗುರವ್ವ. “ಅಷ್ಟ್ರಾಗ ಕುಂತು ಒಂದ್ ಸೀರಿ ಪೂರಾ ಇಳಿಸಿದ್ರ ಆತು. ಇಲ್ಲಂದ್ರ ಬ್ಯಾರೇದವ್ರನ್ನ ಕುಂದ್ರಸ್ತಾರ. ಇಪ್ಪತ್ತಾರು ವರ್ಷದ ಜಾಗಾ ಐತ್ರಿ ಅದು.”

ಆಕೆ ಸೆರಗಿನ ಗಂಟಿನಿಂದ ಕ್ಯಾಂಪಿನ ಚೀಟಿ ಬಿಚ್ಚಿ ಕೊಟ್ಟಳು. ಗಂಡನ ಹೆಸರನ್ನು ಆಕೆ ಬಾಯಿಂದ ಹೇಳುತ್ತಿರಲಿಲ್ಲ. ಸಂಗಪ್ಪ ಎಂಬ ಹೆಸರು ನನಗೆ ಗೊತ್ತಾದದ್ದು ಆ ಚೀಟಿಯಿಂದ. ಜೊತೆಗೆ ಅವನ ಗಾಜಿನ ನಂಬರೂ ಗೊತ್ತಾಯಿತು.

ಆಗ ನನ್ನೊಳಗೆ ಆದದ್ದನ್ನು ಸರಿಯಾಗಿ ಹೇಳಬೇಕು. ಕನಿಕರ ಬಂದದ್ದು ಸುಳ್ಳಲ್ಲ. ಆದರೆ ಅದಕ್ಕಿಂತ ಮುಂಚೆ ಬಂದದ್ದು ಹಿಗ್ಗು.

ಎಂ.ಎಸ್ಸಿ.ಯಲ್ಲಿ ನಾನು ಪ್ರಬಂಧಕ್ಕೆಂದು ಒಂದು ಕಂಪ್ಯೂಟರ್ ಪ್ರೋಗ್ರಾಮ್ ಬರೆದಿದ್ದೆ. ಲೆನ್ಸಿನ ಎರಡು ಮೈಗಳ ಬಾಗು, ದಪ್ಪ, ಗಾಜಿನ ಗುಣ, ವಸ್ತು ಇರುವ ದೂರ ಇಷ್ಟನ್ನು ಕೊಟ್ಟರೆ ಅದು ಒಂದೊಂದೇ ಬೆಳಕಿನ ಕಿರಣವನ್ನು ಹಿಡಿದು, ಗಾಜಿನ ಒಂದು ಮೈಯಲ್ಲಿ ಎಷ್ಟು ಬಾಗಿತು, ಇನ್ನೊಂದರಲ್ಲಿ ಎಷ್ಟು ಬಾಗಿತು, ಕೊನೆಗೆ ಎಲ್ಲಿ ಹೋಗಿ ಬಿತ್ತು ಎಂದು ಲೆಕ್ಕ ಮಾಡುತ್ತಿತ್ತು. ಕೈಯಿಂದ, ಲಾಗರಿದಮ್ ಪುಸ್ತಕ ಹಿಡಿದು ಮಾಡಿದರೆ ಒಂದು ಕಿರಣಕ್ಕೆ ಒಂದು ಮಧ್ಯಾಹ್ನ ಹೋಗುತ್ತಿತ್ತು. ಯಂತ್ರ ನೂರಾರು ಕಿರಣಗಳನ್ನು ಹಾಯಿಸಿ, ಒಂದೇ ನಂಬರಿನ ಗಾಜನ್ನು ಹತ್ತು ಬಗೆಯಲ್ಲಿ ಬಾಗಿಸಿ ನೋಡಿ, ಯಾವ ಬಾಗಿನಲ್ಲಿ ನೆಟ್ಟಗಿನ ಗೆರೆ ನೆಟ್ಟಗೇ ಕಾಣುತ್ತದೆಂದು ಹೇಳಬಲ್ಲದು. ಪರೀಕ್ಷಕರು ಮೆಚ್ಚಿದ್ದರು. ಆದರೆ ಆ ಪ್ರೋಗ್ರಾಮಿನಿಂದ ಒಂದೇ ಒಂದು ನಿಜವಾದ ಗಾಜು ಆಗಿರಲಿಲ್ಲ.

ಯಂತ್ರವಿದ್ದದ್ದು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ. ಅಲ್ಲಿ ನನ್ನ ಸಹಪಾಠಿ ರಾಘು ಕೆಲಸಕ್ಕಿದ್ದ. ನಾನು ಚೌಕಟ್ಟಿನ ಹಾಳೆಯಲ್ಲಿ ಅಂಕಿಗಳನ್ನು ಬರೆದು ಟಪಾಲಿನಲ್ಲಿ ಕಳಿಸಿದರೆ, ಅವನು ಅವನ್ನು ತೂತಿನ ಕಾರ್ಡುಗಳಿಗೆ ಹಾಕಿ, ಯಂತ್ರ ಬಿಡುವಾದಾಗ ಓಡಿಸಿ, ಉತ್ತರದ ಕಾಗದ ಕಳಿಸುತ್ತಿದ್ದ. ಹೋಗಿ ಬರಲು ಮೂರು ವಾರ.

ಗುರವ್ವ ಹೋದ ಕೂಡಲೇ ಹಾಳೆ ತೆಗೆದು ಕೂತೆ. ಚೀಟಿಯಲ್ಲಿ ನಂಬರ್ ಇತ್ತು. ಗಾಜಿನ ಗುಣ ಪುಸ್ತಕದಲ್ಲಿತ್ತು. ವಸ್ತುವಿನ ದೂರ ಎಂಬ ಚೌಕದಲ್ಲಿ 25.0 ಎಂದು ಬರೆದೆ. ಮನುಷ್ಯನ ಕಣ್ಣಿಗೆ ಹತ್ತಿರದ ಕೆಲಸದ ದೂರ ಇಪ್ಪತ್ತೈದು ಸೆಂಟಿಮೀಟರ್ ಎಂದು ಹೈಸ್ಕೂಲಿನಿಂದ ಎಂ.ಎಸ್ಸಿ.ವರೆಗಿನ ಎಲ್ಲ ಪುಸ್ತಕಗಳಲ್ಲೂ ಇತ್ತು. ಅದೊಂದು ಪ್ರಶ್ನೆ ಎಂದು ನನಗೆ ಹೊಳೆಯಲೇ ಇಲ್ಲ.

ಆ ಹಾಳೆಯ ಕಾರ್ಬನ್ ಪ್ರತಿ ಡೈರಿಯ ನಡುವೆ ಸಿಕ್ಕಿತು. ನೀಲಿ ಮಸುಕಾಗಿದೆ, ಆದರೆ 25.0 ಓದಲು ಬರುತ್ತದೆ. ಸೋಮವಾರ ಟಪಾಲಿಗೆ ಹಾಕಿದೆ ಎಂದು ಡೈರಿಯಲ್ಲಿದೆ. ಸಂಗಪ್ಪನನ್ನು ಮೊದಲ ಸಲ ನೋಡಿದ್ದು ಅದೇ ವಾರದ ಗುರುವಾರ.

ಅಂದರೆ, ಅವನು “ಒಂದ್ ಗೇಣು” ಎಂದು ಹೇಳಿಯೇ ಇದ್ದರೂ, ನಾನು ಅದನ್ನು ಕೇಳುವ ಮೊದಲೇ ಲೆಕ್ಕ ಬೆಂಗಳೂರಿನ ಗಾಡಿ ಹತ್ತಿತ್ತು. ಗುರುವಾರದ ಪುಟದಲ್ಲಿ ಅವನು ಆಡಿದ ಎಷ್ಟೋ ಮಾತುಗಳಿವೆ, ಗೇಣಿನ ಮಾತಿಲ್ಲ. ಯಾವಾಗ, ಯಾವ ವರ್ಷ ಆ ಮಾತನ್ನು ಅವನ ಬಾಯಲ್ಲಿ ಇಟ್ಟೆನೋ ಗೊತ್ತಿಲ್ಲ.

ಗುರುವಾರದ ಸಂಗಪ್ಪ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಉದ್ದ ಬೆನ್ನಿನ, ತೆಳ್ಳನೆಯ ಮನುಷ್ಯ. ಐವತ್ತೈದರ ಆಚೀಚೆ. ದಪ್ಪ ಗಾಜಿನ ಹಿಂದೆ ಅವನ ಕಣ್ಣುಗಳು ಮುಖಕ್ಕಿಂತ ದೊಡ್ಡವಾಗಿ ಕಾಣುತ್ತಿದ್ದವು.

“ಬರ್ರಿ ಮಾಸ್ತರ. ಅಲ್ಲೇ ನಿಂದರ್ರಿ, ಅಲ್ಲಿದ್ರ ಛಲೋ ಕಾಣ್ತೀರಿ. ಹತ್ರ ಬಂದ್ರ ಮಂಜ ಆಗ್ತೀರಿ.”

ನೆಟ್ಟಗಿನ ಗೆರೆಗಳು ಹೇಗೆ ಕಾಣುತ್ತವೆ ಎಂದು ಕೇಳಿದೆ.

“ಅದನ್ನ ಏನ್ ಕೇಳ್ತೀರಿ. ಬಾಗಲಾ ನೋಡಿದ್ರ ಬಿಲ್ಲಿನಂಗ ಬಾಗೇತಿ. ಗ್ವಾಡಿ ಬಾಗೇತಿ. ಆಪರೇಶನ್ ಮಾಡಿಸ್ಕೊಂಡಿದ್ದು ನನ್ನ ಕಣ್ಣಿಗೆ, ಸೊಟ್ಟ ಆಗಿದ್ದು ಊರು.”

“ಊರೇನ್ ಮದಲ ನೆಟ್ಟಗಿತ್ತನ?” ಎಂದಳು ಒಳಗಿನಿಂದ ಗುರವ್ವ.

“ನೋಡ್ರಿ, ಈಕಿಗೆ ಚಷ್ಮಾ ಇಲ್ಲದನ ಕಾಣತೈತಿ.” ಅವನು ನಕ್ಕ. ಆಮೇಲೆ ದನಿ ಇಳಿಸಿದ. “ಸೀರಿ ದಡಿ ನೆಟ್ಟಗೈತೋ ಇಲ್ಲೋ ತಿಳಿಯವಲ್ದು ಮಾಸ್ತರ. ಸೊಟ್ಟ ಐತಿ ಅಂತ ಜಗ್ಗಿದ್ರ ಖರೇನ ಸೊಟ್ಟ ಆಗತೈತಿ. ತೋಪತೆನಿ ಸೆರಗು ನೇಯೋ ಕೈ ಇದು. ಇದನ್ನ ನೋಡಿ ಮಂದಿ ನಗಬಾರದು.”

ದಡಿ ಎಂದರೆ ಸೀರೆಯ ಅಂಚು, ತೋಪತೆನಿ ಎಂದರೆ ಇಳಕಲ್ ಸೀರೆಯ ಸೆರಗಿನ ಮೇಲಿನ ಕೆಂಪು ಬಿಳುಪಿನ ತೆನೆಸಾಲು. ಒಂದು ಎಳೆ ತಪ್ಪಿದರೂ ಸಾಲು ಕೆಡುತ್ತದೆ. ನಾನು ಅವನಿಗೆ ಭರವಸೆ ಕೊಟ್ಟೆ. ಬೆಂಗಳೂರಿನಲ್ಲಿ ಯಂತ್ರ ಲೆಕ್ಕ ಮಾಡುತ್ತಿದೆ, ಗೆರೆ ನೆಟ್ಟಗೆ ಕಾಣುವ ಗಾಜನ್ನೇ ಮಾಡಿಸುತ್ತೇನೆ ಎಂದೆ. ಅಲ್ಲಿಂದ ಎದ್ದು ಮಗ್ಗದ ಮನೆಗೆ ನಡೆದರೆ ಇಪ್ಪತ್ತು ಹೆಜ್ಜೆ. ನಡೆಯಲಿಲ್ಲ.

ಶ್ರಾವಣದ ನಡುವೆ ಉತ್ತರ ಬಂತು. ಮೊಳದಗಲದ ಕಾಗದ, ಎರಡೂ ಅಂಚಿಗೆ ಸಾಲುತೂತು, ಮೈತುಂಬ ಅಂಕಿ. ಸಂಗಪ್ಪನ ಮನೆಯಲ್ಲಿ ಅದನ್ನು ಬಿಚ್ಚಿದಾಗ ಕಟ್ಟೆಯಿಂದ ನಡುಮನೆಯವರೆಗೆ ಹಾಸಿತು. ಅವನು ಅದರ ಮೇಲೆ ಕೈಯಾಡಿಸಿ, “ಇಷ್ಟೆಲ್ಲಾ ನನ್ನ ಎರಡು ಕಣ್ಣಿಗೆ ಏನ್ರಿ?” ಎಂದ. ನಾನು ಬೇಕಾದ ಹಾಳೆಯನ್ನು ಹರಿದುಕೊಂಡ ಮೇಲೆ ಉಳಿದದ್ದನ್ನು ಗುರವ್ವ ಮಡಿಸಿ ದೇವರ ಜಗಲಿಯ ಮೇಲೆ ಇಟ್ಟಳು. ನಾನು ಬೇಡ ಎನ್ನಲಿಲ್ಲ. ಇಡಲಿ ಅನ್ನಿಸಿತ್ತು.

ಗಾಜು ಅರೆಯಲು ಬಾಗಲಕೋಟೆಯ ಮೈಬೂಬಸಾಬರೇ ಆಗಬೇಕಿತ್ತು. ಹಳೆಯ ಊರಿನ ಪೇಟೆಯಲ್ಲಿ ಅವರ ಅಂಗಡಿ. ಈಗ ಆ ಪೇಟೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಹುನಗುಂದ, ಅಮೀನಗಡ ದಾಟಿ ಬಸ್ಸಿನಲ್ಲಿ ಹೋದೆ. ಕಾದ ರಾಳದ ವಾಸನೆ ಮೂರು ಅಂಗಡಿ ಆಚೆಯಿಂದಲೇ ಬರುತ್ತಿತ್ತು. ಗಾಜನ್ನು ರಾಳದಿಂದ ಹಿಡಿಕೆಗೆ ಅಂಟಿಸಿ, ಬೀಡುಕಬ್ಬಿಣದ ಬಟ್ಟಲಿನಲ್ಲಿ ಸಾಣೆಗೆ ಬಳಸುವ ಕುರುಂದದ ಪುಡಿ, ನೀರು ಹಾಕಿ ಅರೆಯುತ್ತಿದ್ದರು. ಬಿಳಿ ಗಡ್ಡದ ಮೇಲೂ ಕುರುಂದದ ಬೂದುಬಣ್ಣ.

ಅವರದೊಂದು ಪದ್ಧತಿ ಇತ್ತು. ಕೆಲಸಕ್ಕೆಂದು ಚಷ್ಮಾ ಬೇಕಾದವರು ಕೆಲಸದ ಸಾಮಾನು ತರಬೇಕು. ದರ್ಜಿ ಸೂಜಿ ದಾರ ತಂದು ಅಂಗಡಿಯಲ್ಲೇ ಗುಂಡಿ ಹಚ್ಚಬೇಕು. ಅಕ್ಕಸಾಲಿಗ ಚಿಮಟ ತರಬೇಕು. ಅವರು ಎದುರು ಕೂತು ನೋಡುತ್ತ, ಪೆಟ್ಟಿಗೆಯಿಂದ ಒಂದೊಂದೇ ಗಾಜು ತೆಗೆದು ಕಣ್ಣ ಮುಂದೆ ಹಿಡಿಯುತ್ತ ನಂಬರ್ ಗೊತ್ತು ಮಾಡುತ್ತಿದ್ದರು.

“ಹಜಾಮ ಬಂದ್ರ ನನ್ನ ಗಡ್ಡಾನ ಕೊಡ್ತೇನಿ,” ಎಂದರು ನನಗೆ. “ಚಷ್ಮಾ ಸರಿ ಐತೋ ಇಲ್ಲೋ ನನ್ನ ಗಲ್ಲಾನ ಹೇಳತೈತಿ. ನಿಮ್ಮ ನೇಕಾರನ್ನ ಕರ್ಕೊಂಡ ಬರ್ರಿ ಪ್ರೊಫೆಸರ್ ಸಾಹೇಬ್ರ.”

“ಮಗ್ಗಾ ಹೊತ್ಕೊಂಡ ಬರಾಕ ಆಗಂಗಿಲ್ಲಲ್ರಿ ಸಾಬ್ರ.”

“ಹಂಗಾರ ನಾನ ಬರ್ತೇನಿ. ಶುಕ್ರವಾರ ಅಂಗಡಿ ಬಂದ್ ಇರತೈತಿ. ನಮಾಜ್ ಮುಗಿಸ್ಕೊಂಡು ಬಸ್ಸಿಗೆ ಬಂದ್ರ ಆತು. ಗಾಜಿನ ಪೆಟಗಿ ತರ್ತೇನಿ. ನಿಮ್ಮ ಊರಾಗ ಒಂದ್ ಕಪ್ ಚಾ ಕುಡಸ್ರಿ, ಸಾಕು.”

ಈ ಮಾತನ್ನು ನಾನು ಹೆಣೆದದ್ದಲ್ಲ. ಡೈರಿಯಲ್ಲಿದೆ. ಮೈಬೂಬಸಾಬರು ಬರುತ್ತೇನೆಂದರು, ಅಗತ್ಯವಿಲ್ಲವೆಂದೆ, ಎಂದು ಎರಡು ಸಾಲು. ಅಗತ್ಯವಿಲ್ಲ ಎಂದವನು ಕಾಗದ ಬಿಚ್ಚಿ ಅವರ ಮುಂದೆ ಹಾಸಿದೆ. ಅವರು ತಮ್ಮ ಚಷ್ಮಾ ಏರಿಸಿಕೊಂಡು, ಸಾಲುಸಾಲು ಅಂಕಿಗಳ ಮೇಲೆ ಬೆರಳಾಡಿಸಿದರು.

“ಚುಕ್ಕಿ ಆದ ಮ್ಯಾಲೂ ಇಷ್ಟ ಅಂಕಿ ಅದಾವಲ್ರಿ!” ಎಂದರು. “ನಾ ಕಾಲ್ ನಂಬರ್ ಹೆಚ್ಚು ಕಡಿಮಿ ನೋಡಿ ಅರಿಯೋ ಮನಷ್ಯಾ. ಇದರ ಮುಂದ ನಾ ಏನ್ ಹೇಳ್ಲಿ. ಈ ಬಾಗ ಇದ್ದಂಗ ಅರದ್ ಕೊಡ್ತೇನಿ.”

ಅವರ ಕೈ ಗಾಜಿನ ಪೆಟ್ಟಿಗೆಯ ಮೇಲಿಂದ ಹಿಂದಕ್ಕೆ ಹೋದದ್ದು ನನಗೆ ಕಂಡಂತೆ ನೆನಪು. ಇದು ಡೈರಿಯಲ್ಲಿಲ್ಲ. ನಾನೇ ಈಗ ಸೇರಿಸುತ್ತಿದ್ದರೂ ಸೇರಿಸುತ್ತಿರಬಹುದು.

ಎಂಟು ದಿನದಲ್ಲಿ ಗಾಜು ಬಂತು. ಗಣೇಶ ಚೌತಿಯ ಮಾರನೆಯ ದಿನ ಸಂಗಪ್ಪ ಅದನ್ನು ಹಾಕಿಕೊಂಡ. ಗುರವ್ವ ತನ್ನ ಹಳೆಯ ಸೀರೆಯ ದಡಿಯನ್ನು ಅವನ ಮುಖದ ಮುಂದೆ ಹಿಡಿದಳು. ಅವನು ಬಹಳ ಹೊತ್ತು ನೋಡಿದ. ದಡಿಯ ಗುಂಟ ಬೆರಳಿಟ್ಟು ಎಳೆದ.

“ನೆಟ್ಟಗೈತಿ,” ಎಂದ. “ಏ ಇವಳ, ಎಳಿ ಎಳಿ ಎಣಸ್ಲೇನ? ಇಲ್ಲಿ ನೀ ಹೊಲಿಗಿ ಹಾಕಿದ್ದು ಸೊಟ್ಟ ಐತಿ ನೋಡು.”

“ಕಣ್ಣ ಬಂದ ಕೂಡ್ಲೆ ನನ್ನ ತಪ್ಪ ಕಂಡ್ವು,” ಎಂದು ಆಕೆ ಕಣ್ಣೊರೆಸಿಕೊಂಡಳು.

ಅಂದಿನ ಡೈರಿಯಲ್ಲಿ ನಾನು ಬರೆದದ್ದು: ಪ್ರೋಗ್ರಾಮಿನಿಂದ ಹುಟ್ಟಿದ ಮೊದಲ ನಿಜವಾದ ಲೆನ್ಸ್. ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಸಂಗಪ್ಪ ಮಗ್ಗಕ್ಕೆ ಇಳಿದ. ಆರನೆಯ ಸಪ್ಪಳ ಕೇಳತೊಡಗಿತು. ಆದರೆ ಅದು ಉಳಿದ ಐದರಂತಿರಲಿಲ್ಲ. ಲಾಳಿ ಹಾಯುವ ಸಪ್ಪಳ, ಎಳೆಯನ್ನು ಒತ್ತುವ ಬಾಚಣಿಗೆಯಂಥ ಹಣಗಿ ಬಡಿಯುವ ಸಪ್ಪಳ, ನಡುವೆ ಒಂದು ತೆರಪು. ಐದು ಮಗ್ಗಗಳು ಹತ್ತು ಸಲ ಬಡಿಯುವಷ್ಟರಲ್ಲಿ ಇದು ಮೂರು ಸಲ. ಬಹಳ ದಿನ ಕೈ ಬಿಟ್ಟಿದ್ದಾನೆ, ವೇಗ ಬರಬೇಕು ಎಂದುಕೊಂಡೆ. ವಾರವಾಯಿತು, ಎರಡು ವಾರವಾಯಿತು, ತೆರಪು ಹಾಗೇ ಇತ್ತು. ಒಂದು ಬೆಳಗ್ಗೆ ಓಣಿಯಲ್ಲಿ ಸಿಕ್ಕ. ಸೊಂಟದ ಮೇಲೆ ಕೈಯಿಟ್ಟು ನಡೆಯುತ್ತಿದ್ದ.

“ಹೆಂಗೈತಿ ಕಾಕಾ ಚಷ್ಮಾ?”

“ಭಾಳ ಛಲೋ ಐತ್ರಿ. ಎಳಿ ಹಗ್ಗದಂಗ ಕಾಣತೈತಿ.” ಸೊಂಟ ಒತ್ತಿಕೊಂಡ. “ಬೆನ್ನ ಒಂದೀಟು...”

“ರೂಢಿ ಆಗತೈತಿ. ಹೊಸಾ ಚಷ್ಮಾಕ್ಕ ತಿಂಗಳೊಪ್ಪತ್ತು ಬೇಕು.”

“ಹೌದ್ರಿ, ರೂಢಿ ಆಗಬೇಕು,” ಎಂದು ಅವನು ಒಪ್ಪಿಕೊಂಡು ಹೋದ.

ಯಾಕೆ ಹಾಗೆಂದೆ? ಚಷ್ಮಾಕ್ಕೂ ಬೆನ್ನಿಗೂ ಏನು ಸಂಬಂಧ ಎಂದು ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು. ವಿದ್ಯಾರ್ಥಿ ಯಾರಾದರೂ ಕೇಳಿದ್ದರೆ ಯೋಚಿಸುತ್ತಿದ್ದೆ.

ಮಹಾನವಮಿಗೆ ನಾಲ್ಕು ದಿನ ಮುಂಚೆ ಗುರವ್ವ ಬುತ್ತಿ ತಂದಾಗ ಮುಖ ಗಂಟಿಕ್ಕಿದ್ದಳು. “ಹಣಿ ಒಡಕೊಂಡಾರ್ರಿ,” ಎಂದಳು. “ಬಗ್ಗಿ ನೋಡಾಕ ಹೋಗಿ ಹಣಗಿ ಕಟಗಿ ಬಡಕೊಂಡಾರ. ಇದು ಮೂರ್ನೇ ಸಲ. ನಿಮಗ ಹೇಳಬ್ಯಾಡ ಅಂದಿದ್ರು.”

ಆಗ ಆ ಇಪ್ಪತ್ತು ಹೆಜ್ಜೆ ನಡೆದೆ.

ಊಟದ ಹೊತ್ತು. ಉಳಿದ ನೇಕಾರರು ಹೋಗಿದ್ದರು. ಸಂಗಪ್ಪ ಒಬ್ಬನೇ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಹಣೆಯ ಮೇಲೆ ಅರಿಸಿನದ ಪಟ್ಟಿ. ನಾನು ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಅವನು ನಡು ಮುರಿದವನಂತೆ ಬಗ್ಗಿ, ಮುಖವನ್ನು ಬಟ್ಟೆಯಿಂದ ಗೇಣು ದೂರಕ್ಕೆ ತಂದು ಎಳೆ ನೋಡಿದ. ಎದ್ದು ನೆಟ್ಟಗೆ ಕೂತ. ಹಣಗಿ ಎಳೆದು ಬಡಿದ. ಮತ್ತೆ ಬಗ್ಗಿದ. ಹಣಗಿಯ ಕಟ್ಟಿಗೆ ತೂಗುತ್ತ ಅವನ ತಲೆಯ ಕಡೆಗೇ ಬರುತ್ತಿತ್ತು. ಕೇಳಿದ್ದ ತೆರಪು ಅದೇ. ಬಗ್ಗುವ ತೆರಪು.

ಕಾಲೇಜಿನಿಂದ ಮೀಟರ್ ಅಳತೆಪಟ್ಟಿ ತಂದೆ. “ಕಾಕಾ, ಚಷ್ಮಾ ತಗೀರಿ. ಕಣ್ಣ ಕೆಡೂ ಮದಲ ಹೆಂಗ ಕುಂತ ನೇಯ್ತಿದ್ರಿ ಹಂಗ ಕುಂದರ್ರಿ.”

ಅವನು ಚಷ್ಮಾ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬೆನ್ನು ತಾನಾಗಿ ನೆಟ್ಟಗಾಯಿತು. ಏನೂ ಕಾಣದ ಕಣ್ಣಿನಲ್ಲಿ ಎದುರು ನೋಡುತ್ತ, ಲಾಳಿ ಹಾಯಿಸಿ ಬಡಿದ. ಇನ್ನೊಮ್ಮೆ ಹಾಯಿಸಿ ಬಡಿದ. ತೆರಪಿರಲಿಲ್ಲ. ನಾನು ಅವನ ಕಣ್ಣಿನಿಂದ ಬಟ್ಟೆಯ ಅಂಚಿಗೆ ಪಟ್ಟಿ ಹಿಡಿದೆ.

“ಎಷ್ಟ ಬಂತ್ರಿ?”

“ಐವತ್ತೆಂಟು.”

“ಮಶೀನ್ ಎಷ್ಟಂದಿತ್ತು?”

ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ, ಡೈರಿಯಲ್ಲೂ ಇಲ್ಲ. ಯಂತ್ರ ಏನೂ ಅಂದಿರಲಿಲ್ಲ, ಇಪ್ಪತ್ತೈದು ಎಂದು ನಾನೇ ಅದಕ್ಕೆ ಅಂದಿದ್ದೆ. ಇಷ್ಟನ್ನು ಹೇಳಿಲ್ಲ ಎಂಬುದು ಮಾತ್ರ ಖಚಿತ. ಯಾಕೆಂದರೆ ಮುಂದಿನ ಅವನ ಮಾತು ಡೈರಿಯಲ್ಲಿದೆ.

“ನನ್ನ ಬೆನ್ನಿಗೆ ರೂಢಿ ಆಗವಲ್ದು. ಅದಕ್ಕ ಮಶೀನ್ ಏನ್ ಮಾಡೀತು, ನೀವರ ಏನ್ ಮಾಡೀರಿ ಮಾಸ್ತರ. ಸುಮ್ನ ತ್ರಾಸ ತಗೋಬ್ಯಾಡ್ರಿ.”

“ಇನ್ನೊಂದ್ ಸಲ ಲೆಕ್ಕಾ ಹಾಕಸ್ತೀನಿ,” ಎಂದೆ.

ದೀಪಾವಳಿಗೆ ಇನ್ನೂ ಮೂರು ವಾರಕ್ಕಿಂತ ಹೆಚ್ಚಿತ್ತು. ಮರುದಿನ ಬೆಳಗಿನ ಬಸ್ಸಿಗೆ ಸಂಗಪ್ಪನನ್ನು ಕರೆದುಕೊಂಡು ಬಾಗಲಕೋಟೆಗೆ ಹೋಗಬಹುದಿತ್ತು. ಐವತ್ತೆಂಟು ಸೆಂಟಿಮೀಟರಿಗೆ ಗಾಜಿನ ನಂಬರನ್ನು ಸುಮಾರು ಎರಡು ಇಳಿಸಿದರೆ ಸಾಕು, ಇದನ್ನು ಬೆರಳ ಮೇಲೆ ಲೆಕ್ಕ ಮಾಡಬಹುದಿತ್ತು. ಮೈಬೂಬಸಾಬರು ಪೆಟ್ಟಿಗೆಯಿಂದ ಒಂದು ಜೋಡಿ ತೆಗೆದು ಸಂಜೆಯೊಳಗೆ ಕಟ್ಟಿಕೊಡುತ್ತಿದ್ದರು. ದಡಿ ಸ್ವಲ್ಪ ಬಾಗಿ ಕಾಣುತ್ತಿತ್ತು. ಆದರೆ ಬೆನ್ನು ಬಾಗುತ್ತಿರಲಿಲ್ಲ.

ನಾನು ಹೊಸ ಹಾಳೆ ತೆಗೆದು 58.0 ಎಂದು ಬರೆದು ಬೆಂಗಳೂರಿಗೆ ಕಳಿಸಿದೆ. ಮೈಬೂಬಸಾಬರ ಮುಂದೆ ಹೋಗಿ, ನೀವು ಬರುತ್ತೇನೆಂದಾಗ ಬರಗೊಡಬೇಕಿತ್ತು ಎನ್ನುವುದು ನನ್ನಿಂದಾಗಲಿಲ್ಲ. ಕಾಗದದಲ್ಲಿ ಆದ ತಪ್ಪನ್ನು ಕಾಗದದಲ್ಲೇ ಸರಿಮಾಡಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ಎಣಿಸಿದ್ದಿರಬೇಕು. ಪ್ರೋಗ್ರಾಮ್ ಸರಿಯೆಂದು ತೋರಿಸುವ ಆಸೆ ಅದಕ್ಕಿಂತ ದೊಡ್ಡದಿತ್ತು. ಇದನ್ನು ಬರೆಯಲು ಇಷ್ಟು ವರ್ಷ ಬೇಕಾದವು.

ರಾಘು ಹಬ್ಬದ ರಜೆಗೆ ಊರಿಗೆ ಹೋಗಿದ್ದ. ಹಾಳೆ ಅವನ ಮೇಜಿನ ಮೇಲೆ ಬಿದ್ದಿತ್ತು. ಆ ದಿನಗಳಲ್ಲಿ ಹಿಂಗಾರಿ ಮಳೆ ಎರಡು ದಿನ ಹಿಡಿದು ಹೊಡೆಯಿತು. ಹಾಸಿನ ಎಳೆಗಳು ಗಂಜಿಯ ಹಸಿಯಲ್ಲಿ ಅಂಟಿಕೊಂಡು ಎಲ್ಲ ಮಗ್ಗಗಳೂ ನಿಧಾನವಾದವು, ಸಂಗಪ್ಪನದು ಇನ್ನೂ. ನಾನು ದಿನಾ ಅಂಚೆಯವನನ್ನು ಕಾದೆ. ಸಂಗಪ್ಪನೂ ಕಾದ. ನರಕಚತುರ್ದಶಿಯ ಬೆಳಗ್ಗೆ ಅವನ ಸೀರೆ ಇನ್ನೂ ಸೆರಗಿಗೆ ಬಂದಿರಲಿಲ್ಲ. ಮಾಲಕರು ಕೆಟ್ಟವರಲ್ಲ. ಅವರೇ ಮನೆಗೆ ಬಂದು, ಸಂಗಪ್ಪನ ಕೈ ಹಿಡಿದು, ಪಾಡ್ಯದ ಪೂಜೆಯಾದ ಮೇಲೆ ಗುಳೇದಗುಡ್ಡದ ಪರಸಪ್ಪನನ್ನು ಆ ಮಗ್ಗಕ್ಕೆ ಕೂರಿಸುತ್ತೇನೆ ಎಂದು ಹೇಳಿಹೋದರು.

ಕಾಗದ ಬಂದದ್ದು ದೀಪಾವಳಿಯಾದ ಒಂಬತ್ತನೆಯ ದಿನ. ಗಾಜು ಬಂದದ್ದು ಅದಾದ ವಾರಕ್ಕೆ. ಈ ಸಲ ಮೈಬೂಬಸಾಬರು ಏನೂ ಕೇಳಲಿಲ್ಲ. ಕಾಗದ ನೋಡಿ, “ಈಗ ಮಗ್ಗದ ನಂಬರ್ ಆತು ನೋಡ್ರಿ,” ಎಂದರು ಅಷ್ಟೇ.

ಸಂಗಪ್ಪ ಮುಂದೆ ಕೊಂಡಿ ಹಾಕುವ ಕೆಲಸಕ್ಕೆ ಹೋಗತೊಡಗಿದ. ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ಕೆಲಸ. ಅದನ್ನು ಮುಖದ ಹತ್ತಿರ ಹಿಡಿದು ಮಾಡಬೇಕು. ಅದಕ್ಕೆ ನನ್ನ ಮೊದಲ ಚಷ್ಮಾ ಹೇಳಿ ಮಾಡಿಸಿದಂತಿತ್ತು. ಓಣಿಯವರು ಅದನ್ನು ಮಾಸ್ತರ ಚಷ್ಮಾ ಎಂದು ಹೊಗಳುತ್ತಿದ್ದರು. ಕೊಂಡಿ ಹಾಕುವುದೂ ನಾಜೂಕಿನ ಕೆಲಸವೇ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಸಂಗಪ್ಪ ನೇಯುವವನು. ಇನ್ನೊಬ್ಬರು ನೇಯಲಿರುವ ಸೀರೆಗೆ ಎಳೆ ಕೂಡಿಸಿ ಎದ್ದುಹೋಗುವಾಗ ಅವನ ಮುಖವನ್ನು ನಾನು ಒಂದೆರಡು ಸಲ ನೋಡಿದ್ದೇನೆ. ಮುಂದಿನ ಜೂನಿನಲ್ಲಿ ನನಗೆ ಬೇರೆ ಊರಿನಲ್ಲಿ ಕಾಯಂ ಕೆಲಸವಾಯಿತು. ಮತ್ತೆ ಅವನನ್ನು ಕಾಣಲಿಲ್ಲ.

ಎರಡನೆಯ ಚಷ್ಮಾ ಕೊಟ್ಟ ದಿನ ಅವನು ಅದನ್ನು ಮನೆಯಲ್ಲಿ ಹಾಕಿಕೊಂಡು ನೋಡಲಿಲ್ಲ. “ಅಲ್ಲೇ ಹೋಗೂಣು ನಡೀರಿ,” ಎಂದ. ಇಬ್ಬರೂ ಮಗ್ಗದ ಮನೆಗೆ ಹೋದೆವು. ಪರಸಪ್ಪ, ಇಪ್ಪತ್ತೈದರ ಗಟ್ಟಿಮುಟ್ಟಾದ ಆಳು, ಕಿಟಕಿಯ ಹತ್ತಿರದ ಮಗ್ಗದಲ್ಲಿ ತೋಪತೆನಿ ಸೆರಗು ನೇಯುತ್ತಿದ್ದ. ಸಂಗಪ್ಪ ಕುಣಿಯ ಪಕ್ಕದಲ್ಲಿ ನೆಲದ ಮೇಲೆ, ಮಗ್ಗಕ್ಕೆ ಕೂರುವ ಹಾಗೆಯೇ ಬೆನ್ನು ನೆಟ್ಟಗೆ ಮಾಡಿ ಕೂತ. ಚಷ್ಮಾ ಹಾಕಿಕೊಂಡ.

“ಹೆಂಗ ಕಾಣತೈತಿ ಕಾಕಾ?” ಎಂದೆ.

ಲಾಳಿ ಆ ಕಡೆ ಹೋಯಿತು, ಈ ಕಡೆ ಬಂತು. ಸಂಗಪ್ಪನ ಬಲಗೈ ತೊಡೆಯ ಮೇಲೆ ಅದರ ಜೊತೆಗೇ ಅಲುಗುತ್ತಿತ್ತು. ಹಾಗೇ ಕೈಯೆತ್ತಿ ಬೆರಳು ಮಾಡಿದ.

“ಏ ಪರಸ್ಯಾ, ನಿಂದರಲೇ. ಮೂರ್ನೇ ತೆನಿ ಬುಡಕ ಒಂದ ಎಳಿ ಹರದೈತಿ ನೋಡು.”

ಪರಸಪ್ಪ ಮಗ್ಗ ನಿಲ್ಲಿಸಿ ಬಗ್ಗಿದ. “ಎಲ್ಲೈತೋ ಕಾಕಾ? ನನಗ ಕಾಣವಲ್ದಲ್ಲ.”

“ಕೈಯಾಡಸು. ಸಿಗತೈತಿ.”

ಪರಸಪ್ಪ ಬೆರಳಾಡಿಸಿದ. ಎಳೆ ಸಿಕ್ಕಿತು. “ಅಬಬಬಾ, ಏನ್ ಕಣ್ಣೋ ನಿಂದು!” ಎಂದ.

ಸಂಗಪ್ಪ ಚಷ್ಮಾ ತೆಗೆದು, ಧೋತರದ ಚುಂಗಿನಿಂದ ಎರಡೂ ಗಾಜನ್ನು ಒರೆಸಿ, ಡಬ್ಬಿಯಲ್ಲಿಟ್ಟು ಮುಚ್ಚಿದ. “ಈಗ ಎಲ್ಲಾ ನೆಟ್ಟಗ ಕಾಣತೈತ್ರಿ ಮಾಸ್ತರ,” ಎಂದ. “ಭಾಳ ಉಪಕಾರ ಆತು.”

ಆ ದಿನದ ಡೈರಿ ಈಗ ನನ್ನ ಮುಂದಿದೆ. ಒಂದೇ ಸಾಲಿದೆ: ಎರಡನೆಯ ಲೆಕ್ಕ ಪೂರ್ತಿ ಸರಿ ಬಂತು. ಸಂಗಪ್ಪನ ಹೆಸರು ಆ ಪುಟದಲ್ಲಿ ಇಲ್ಲ.